ಸಹಾಯ ಬೇಕು: ವಿಜಯನಗರವೋ, ಹೂಡಿಯೋ?

ಎಲ್ಲರಿಗೂ ನಮಸ್ಕಾರ. ಜೂನ್‌ಗೆ ಶಿವಮೊಗ್ಗದಿಂದ ಬೆಂಗಳೂರಿಗೆ ಬರುತ್ತಿದ್ದೇವೆ. ನನ್ನ ಆಫೀಸು ವೈಟ್‌ಫೀಲ್ಡ್‌ನ ಐಟಿಪಿಎಲ್ ಟೆಕ್ ಪಾರ್ಕ್ ಹತ್ತಿರ. ಮಗಳು ನಾಲ್ಕನೇ ಕ್ಲಾಸು. ಅಮ್ಮನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ.

ಹೂಡಿಯಲ್ಲಿ ಮನೆ ಮಾಡಿದರೆ ಆಫೀಸು ಹತ್ತಿರ. ಆದರೆ ಆ ಕಡೆ ಬೋರ್‌ವೆಲ್, ಟ್ಯಾಂಕರ್ ನೀರೇ ಜಾಸ್ತಿ ಅಂತಾರೆ. ಈಗ ಕಾವೇರಿ ನೀರು ದಿನಾ ಬರುತ್ತಾ? ವಿಜಯನಗರದಲ್ಲಿ ಚಿಕ್ಕಮ್ಮನ ಮನೆಯಿದೆ, ಅಮ್ಮನಿಗೆ ಮಾತಿಗೆ ಜನ ಸಿಗುತ್ತಾರೆ. ನನಗೆ ಅದೇ ಮುಖ್ಯ. 2023ರಿಂದ ಅಲ್ಲಿಂದ ನೇರಳೆ ಮಾರ್ಗದ ಮೆಟ್ರೋದಲ್ಲಿ, ರೈಲು ಬದಲಿಸದೆ, ಆಫೀಸಿನ ಹತ್ತಿರದ ಪಟ್ಟಂದೂರು ಅಗ್ರಹಾರ ನಿಲ್ದಾಣದವರೆಗೂ ಹೋಗಬಹುದು, ಅಲ್ವಾ? ಆದರೂ ಒಂದು ಕಡೆಗೇ ಸುಮಾರು ಒಂದು ಗಂಟೆ. ದಿನಾ ಹೀಗೆ ಓಡಾಡುವವರು ಇದ್ದೀರಾ? ಸಂಜೆ ಮಗಳ ಜೊತೆ ಕೂರುವಷ್ಟು ಶಕ್ತಿ ಉಳಿಯುತ್ತಾ? ಕನ್ನಡ ಚೆನ್ನಾಗಿ ಕಲಿಸುವ ಶಾಲೆ, ನೆಲಮಹಡಿ ಮನೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಬಾಡಿಗೆ 25 ಸಾವಿರದೊಳಗೆ ಇರಲಿ.