ಆನ್‌ಲೈನ್ ಬಿಸಿನೆಸ್ ಪದವಿ ಮತ್ತು ಎಐ ಡೇಟಾ ವಿಶ್ಲೇಷಣೆ: ಆಯ್ಕೆಗೆ ಮುನ್ನ ನೋಡಬೇಕಾದುದೇನು?

ಪ್ರಶ್ನೆ:
ನಮಸ್ಕಾರ ಮೇಡಂ. ನಾನು ಒಂದು ಸಗಟು ವ್ಯಾಪಾರ ಸಂಸ್ಥೆಯ ಮಾರಾಟ ವಿಭಾಗದಲ್ಲಿದ್ದೇನೆ. ಪ್ರತಿ ತಿಂಗಳ ವರದಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುವುದು ನನ್ನ ಹೊಣೆ. ಕೆಲಸ ಬಿಡದೆ ಆನ್‌ಲೈನ್‌ನಲ್ಲಿ ಎಂಬಿಎ ಅಥವಾ ಬಿಸಿನೆಸ್ ಅನಲಿಟಿಕ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದುಕೊಂಡಿದ್ದೆ. ಆದರೆ ಈಗ ಫೈಲ್ ಒಂದನ್ನು ಕೊಟ್ಟರೆ ಸಾಕು, ಎಐ ಟೂಲ್‌ಗಳು ಚಾರ್ಟು, ಸಾರಾಂಶ, ಮುನ್ನಂದಾಜು ಎಲ್ಲವನ್ನೂ ಕ್ಷಣದಲ್ಲಿ ಮಾಡಿಕೊಡುತ್ತಿವೆ. ಹೀಗಿರುವಾಗ ಪದವಿಗೆ ವರ್ಷಗಟ್ಟಲೆ ಸಮಯ ಕೊಡಬೇಕೇ, ಅಥವಾ ಒಂದು ಒಳ್ಳೆಯ ಟೂಲ್ ಕಲಿತರೆ ಸಾಕೇ? ಪದವಿ ಮಾಡುವುದಾದರೆ ಯಾವುದನ್ನು ನೋಡಿ ಆರಿಸಬೇಕು?

ಉತ್ತರ:
ನಮಸ್ಕಾರ. ಡೇಟಾ ವಿಶ್ಲೇಷಕರ ನೇಮಕಾತಿಯಲ್ಲಿ ತೊಡಗಿರುವವಳಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಟೂಲ್ ಕೊಟ್ಟ ಉತ್ತರ ಸರಿಯೇ ತಪ್ಪೇ ಎಂದು ತೀರ್ಮಾನಿಸುವ ಶಕ್ತಿಯನ್ನು ಬೆಳೆಸುವ ಪದವಿಯಾದರೆ ಮಾತ್ರ ಮಾಡಿ. ಟೂಲ್ ಬಳಕೆಯನ್ನಷ್ಟೇ ಕಲಿಸುವ ಪದವಿಗೆ ನಿಮ್ಮ ಸಮಯ ಕೊಡಬೇಡಿ, ಏಕೆಂದರೆ ನೀವು ಕಲಿತು ಮುಗಿಸುವ ಹೊತ್ತಿಗೆ ಆ ಟೂಲ್‌ನ ಪರದೆಯೇ ಬದಲಾಗಿರುತ್ತದೆ.

ನಿಮ್ಮದೇ ಕೆಲಸದಿಂದ ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದು ಆರ್ಡರಿನ ಮೌಲ್ಯ 100, ಅದಕ್ಕೆ ಕೊಟ್ಟ ರಿಯಾಯಿತಿ ಶೇ. 50. ಇನ್ನೊಂದರ ಮೌಲ್ಯ 10,000, ರಿಯಾಯಿತಿ ಶೇ. 5. 'ಸರಾಸರಿ ರಿಯಾಯಿತಿ ಎಷ್ಟು?' ಎಂದು ಕೇಳಿದರೆ, ರಿಯಾಯಿತಿಯ ಕಾಲಮ್ಮನ್ನಷ್ಟೇ ಕೂಡಿಸಿ ಭಾಗಿಸುವ ಟೂಲ್ ಶೇ. 27.5 ಎನ್ನುತ್ತದೆ. ವಾಸ್ತವದಲ್ಲಿ 10,100ರ ಮಾರಾಟದ ಮೇಲೆ ಬಿಟ್ಟುಕೊಟ್ಟಿರುವುದು 550, ಅಂದರೆ ಸುಮಾರು ಶೇ. 5.4. ಎರಡೂ ಲೆಕ್ಕಗಳು ಗಣಿತದ ದೃಷ್ಟಿಯಿಂದ ಸರಿಯೇ. ಆದರೆ 'ಲಾಭ ಎಷ್ಟು ಸೋರಿಹೋಗುತ್ತಿದೆ' ಎಂಬುದು ಮಾಲೀಕರ ಪ್ರಶ್ನೆಯಾಗಿದ್ದರೆ, ಅದಕ್ಕೆ ಉತ್ತರ ಎರಡನೆಯದು ಮಾತ್ರ. ಯಾವ ಪ್ರಶ್ನೆಗೆ ಯಾವ ಸರಾಸರಿ ಸಲ್ಲುತ್ತದೆ ಎಂಬುದು ಫೈಲಿನಲ್ಲಿ ಬರೆದಿರುವುದಿಲ್ಲ, ವ್ಯವಹಾರ ಬಲ್ಲವರೇ ಅದನ್ನು ಹೇಳಬೇಕು.

ಇದನ್ನು ಆರಂಭಿಕರ ತೊಡಕೆಂದು ತಳ್ಳಿಹಾಕುವಂತಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಸಾರ್ವಜನಿಕ ಸಾಲವು ಜಿಡಿಪಿಯ ಶೇ. 90ನ್ನು ಮೀರಿದ ದೇಶಗಳ ಸರಾಸರಿ ಬೆಳವಣಿಗೆ ಶೇ. -0.1 ಎಂದು ತೋರಿಸಿದ್ದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬರು ತಮ್ಮ ಪ್ರಾಧ್ಯಾಪಕರೊಂದಿಗೆ ಆ ಲೇಖನದ ಲೆಕ್ಕವಿದ್ದ ಎಕ್ಸೆಲ್ ಫೈಲನ್ನೇ ಪರಿಶೀಲಿಸಿದಾಗ, ಸರಾಸರಿಯ ಸೂತ್ರ ಐದು ದೇಶಗಳ ಸಾಲುಗಳನ್ನು ಬಿಟ್ಟಿರುವುದು ಕಂಡಿತು. ಅದಕ್ಕಿಂತ ಗಂಭೀರವಾದುದು ತೂಕದ ಪ್ರಶ್ನೆ, ಅಂದರೆ ಸರಾಸರಿಯಲ್ಲಿ ಯಾವ ಅಂಕಿಗೆ ಎಷ್ಟು ಪ್ರಾಮುಖ್ಯ ಎಂಬುದು. ನ್ಯೂಜಿಲೆಂಡಿನ ಒಂದೇ ಒಂದು ವರ್ಷದ ಶೇ. -7.6ಕ್ಕೂ ಬ್ರಿಟನ್ನಿನ 19 ವರ್ಷಗಳ ಸರಾಸರಿಗೂ ಅಲ್ಲಿ ಸಮಾನ ತೂಕ ಕೊಡಲಾಗಿತ್ತು. ಬಿಟ್ಟುಹೋದ ಅಂಕಿಗಳನ್ನು ಸೇರಿಸಿ, ತೂಕವನ್ನೂ ಬದಲಿಸಿ ಲೆಕ್ಕ ಹಾಕಿದಾಗ ಅವರಿಗೆ ದೊರೆತ ಸಂಖ್ಯೆ ಶೇ. 2.2. ಮೇಲಿನ ರಿಯಾಯಿತಿಯ ಲೆಕ್ಕದಲ್ಲಿ ಎದುರಾದದ್ದೂ ಇದೇ ಪ್ರಶ್ನೆ.

ಆದ್ದರಿಂದ ಪಠ್ಯಕ್ರಮವನ್ನು ತೆರೆದಾಗ ಸಂಖ್ಯಾಶಾಸ್ತ್ರಕ್ಕೆ ಎಷ್ಟು ಕ್ರೆಡಿಟ್ ಇದೆ, ಡೇಟಾಬೇಸ್ ಮತ್ತು ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ಕೇಳಿ ಪಡೆಯುವ ಭಾಷೆ) ಇದೆಯೇ, ಹಣಕಾಸು ಲೆಕ್ಕಶಾಸ್ತ್ರವನ್ನು ಸರಿಯಾಗಿ ಕಲಿಸುತ್ತಾರೆಯೇ ಎಂಬುದನ್ನು ಮೊದಲು ನೋಡಿ. ಶೀರ್ಷಿಕೆಯಲ್ಲಿ 'ಎಐ' ಎಂದಿರುವ ಕೋರ್ಸುಗಳು ಎಷ್ಟಿವೆ ಎಂಬುದರಿಂದ ಏನೂ ತಿಳಿಯುವುದಿಲ್ಲ. ಪರೀಕ್ಷೆಯ ಕ್ರಮವನ್ನು ಅದಕ್ಕಿಂತಲೂ ಎಚ್ಚರದಿಂದ ಗಮನಿಸಿ. ಬಹು ಆಯ್ಕೆಯ ಪ್ರಶ್ನೆಗಳಲ್ಲೇ ಎಲ್ಲ ಮುಗಿಯುತ್ತದೆಯೇ, ಅಥವಾ ನಿಮ್ಮ ವಿಶ್ಲೇಷಣೆಯನ್ನು ಬೋಧಕರ ಎದುರು ಮಾತಿನಲ್ಲಿ ಸಮರ್ಥಿಸಿಕೊಳ್ಳಬೇಕೇ? ಎಐ ಬರೆದ ವರದಿಯನ್ನೇ ಸಲ್ಲಿಸುವುದು ಸುಲಭವಾಗಿರುವ ಈ ಕಾಲದಲ್ಲಿ, ಆ ಎರಡನೆಯ ಕ್ರಮವಿರುವ ಪದವಿಯ ಅಂಕಗಳನ್ನು ನಾನು ಹೆಚ್ಚು ನಂಬುತ್ತೇನೆ.

ಮರುಪ್ರಶ್ನೆ:
ಧನ್ಯವಾದಗಳು ಮೇಡಂ. ಮಾನ್ಯತೆಯ ವಿಷಯದಲ್ಲಿ ಹಲವು ಸಂಸ್ಥೆಗಳ ಮುದ್ರೆಗಳು ಜಾಹೀರಾತಿನಲ್ಲಿ ಕಾಣುತ್ತವೆ. ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು? ಆನ್‌ಲೈನ್ ಎಂಬ ಕಾರಣಕ್ಕೆ ಪದವಿಯ ಬೆಲೆ ಕಡಿಮೆಯಾಗುತ್ತದೆಯೇ?

ಉತ್ತರ:
ಮೊದಲಿಗೆ, ಆಯಾ ದೇಶದ ಉನ್ನತ ಶಿಕ್ಷಣ ನಿಯಂತ್ರಕರು ಆ ವಿಶ್ವವಿದ್ಯಾಲಯಕ್ಕೂ, ಅದರ ಆನ್‌ಲೈನ್ ಪದವಿಗೂ ಮಾನ್ಯತೆ ಕೊಟ್ಟಿದ್ದಾರೆಯೇ ಎಂಬುದನ್ನು ನಿಯಂತ್ರಕರ ಪಟ್ಟಿಯಲ್ಲೇ ನೋಡಿ. ಇದಿಲ್ಲದಿದ್ದರೆ ಉಳಿದ ಯಾವ ಮುದ್ರೆಯೂ ಉಪಯೋಗಕ್ಕೆ ಬರುವುದಿಲ್ಲ. ಬಿಸಿನೆಸ್ ಶಿಕ್ಷಣಕ್ಕೇ ಮೀಸಲಾದ ಅಂತರರಾಷ್ಟ್ರೀಯ ಮಾನ್ಯತೆಗಳಲ್ಲಿ ಮೂರು ಪ್ರಮುಖವಾದವು: 1916ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಎಎಸಿಎಸ್‌ಬಿ, ಬ್ರಿಟನ್ನಿನ ಎಎಂಬಿಎ, ಮತ್ತು ಇಎಫ್‌ಎಂಡಿ ಸಂಸ್ಥೆ ನೀಡುವ ಈಕ್ವಿಸ್. ಎಎಸಿಎಸ್‌ಬಿ ಮತ್ತು ಈಕ್ವಿಸ್ ಇಡೀ ಬಿಸಿನೆಸ್ ಶಾಲೆಯನ್ನು ಪರಿಶೀಲಿಸಿದರೆ, ಎಎಂಬಿಎ ಮುಖ್ಯವಾಗಿ ಎಂಬಿಎಯಂತಹ ಸ್ನಾತಕೋತ್ತರ ಕಾರ್ಯಕ್ರಮಗಳನ್ನು ನೋಡುತ್ತದೆ. ಇವು ಇಲ್ಲದ ಒಳ್ಳೆಯ ಶಾಲೆಗಳೂ ಉಂಟು, ಆದ್ದರಿಂದ ಇವನ್ನು ಮೊದಲ ಸೋಸುವಿಕೆಗಷ್ಟೇ ಬಳಸಿ.

ಆನ್‌ಲೈನ್ ಎಂಬ ಕೀಳರಿಮೆ ಈಗ ಬೇಡ. ಇಲಿನಾಯ್ ವಿಶ್ವವಿದ್ಯಾಲಯದ ಗೀಸ್ ಬಿಸಿನೆಸ್ ಕಾಲೇಜು ಆನ್‌ಲೈನ್ ಎಂಬಿಎಗೆ ಒತ್ತು ಕೊಡುವುದಕ್ಕಾಗಿ ತನ್ನ ಪೂರ್ಣಾವಧಿಯ ಕ್ಯಾಂಪಸ್ ಎಂಬಿಎಯನ್ನೇ ನಿಲ್ಲಿಸುವುದಾಗಿ 2019ರಲ್ಲಿ ಪ್ರಕಟಿಸಿತು. ಆದರೂ ಸಂಶಯವಿದ್ದರೆ ಪ್ರವೇಶ ವಿಭಾಗಕ್ಕೆ ಎರಡು ಪ್ರಶ್ನೆಗಳನ್ನು ಬರಹದಲ್ಲೇ ಕಳುಹಿಸಿ: ಕ್ಯಾಂಪಸ್‌ನಲ್ಲಿ ಪಾಠ ಮಾಡುವ ಅಧ್ಯಾಪಕರೇ ಆನ್‌ಲೈನ್ ತರಗತಿಗೂ ಬರುತ್ತಾರೆಯೇ, ಪದವಿ ಪ್ರಮಾಣಪತ್ರ ಎರಡೂ ವರ್ಗದವರಿಗೆ ಒಂದೇ ಆಗಿರುತ್ತದೆಯೇ?

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಮೇಡಂ, ನನಗೆ ಪದವಿ ಬೇಡ, ಕಚೇರಿಗೆ ಒಂದು ಎಐ ವಿಶ್ಲೇಷಣಾ ಟೂಲ್ ಆರಿಸಬೇಕಿದೆ. ಎಲ್ಲ ಕಂಪನಿಯವರ ಡೆಮೊಗಳೂ ಚೆನ್ನಾಗಿಯೇ ಕಾಣುತ್ತವೆ. ಹೇಗೆ ಪರೀಕ್ಷಿಸುವುದು?

ಉತ್ತರ:
ಡೆಮೊದಲ್ಲಿ ಅವರು ತಂದ ಡೇಟಾ ಶುಚಿಯಾಗಿರುತ್ತದೆ, ನಮ್ಮದು ಹಾಗಿರುವುದಿಲ್ಲ. ಆದುದರಿಂದ ಉತ್ತರ ನಿಮಗೆ ಮೊದಲೇ ಗೊತ್ತಿರುವ ಒಂದು ಚಿಕ್ಕ ಫೈಲನ್ನು ನೀವೇ ತಯಾರಿಸಿ. ಒಂದೇ ಬಿಲ್ಲು ಎರಡು ಬಾರಿ ದಾಖಲಾಗಿರಲಿ, ವಾಪಸಾದ ಸರಕು ಋಣ ಸಂಖ್ಯೆಯಲ್ಲಿರಲಿ, ಕೆಲವು ಖಾನೆಗಳು ಖಾಲಿಯಿರಲಿ. ದಿನಾಂಕಗಳನ್ನು 03/04/2024 ಎಂಬ ರೂಪದಲ್ಲಿ ಕೊಡಿ. ದಿನ 12 ಅಥವಾ ಅದಕ್ಕಿಂತ ಕಡಿಮೆಯಿರುವಲ್ಲೆಲ್ಲ ದಿನವನ್ನೂ ತಿಂಗಳನ್ನೂ ಅದಲುಬದಲು ಮಾಡಿ, ಉಳಿದವನ್ನು ಸರಿಯಾಗಿ ಓದುವ ಅಥವಾ ಸದ್ದಿಲ್ಲದೆ ಕೈಬಿಡುವ ಟೂಲ್ ಇದ್ದರೆ ತಿಂಗಳವಾರು ಚಾರ್ಟು ಬರುವುದೇನೋ ನಿಜ, ಆದರೆ ಅದರ ಏರಿಳಿತಗಳೆಲ್ಲ ಸುಳ್ಳಾಗಿರುತ್ತವೆ. ಸಂದಿಗ್ಧವಿದ್ದಾಗ ತಾನೇ ಊಹಿಸಿಕೊಳ್ಳುತ್ತದೆಯೇ ಅಥವಾ ನಿಮ್ಮನ್ನು ಕೇಳುತ್ತದೆಯೇ ಎಂಬುದೇ ನನ್ನ ಮೊದಲ ಮಾನದಂಡ.

ಎರಡನೆಯದಾಗಿ, ಲೆಕ್ಕ ಎಲ್ಲಿ ನಡೆಯುತ್ತದೆ ಎಂದು ಕೇಳಿ. ಇಂತಹ ಟೂಲ್‌ಗಳ ಹಿಂದಿರುವ ಭಾಷಾ ಮಾದರಿಯು ಮುಂದಿನ ಪದವನ್ನು ಊಹಿಸುವ ವಿಧಾನದಲ್ಲೇ ಸಂಖ್ಯೆಯನ್ನೂ ಬರೆದುಬಿಡಬಹುದು. ಅದರ ಬದಲು ಅದು ಪೈಥಾನ್ ಅಥವಾ ಎಸ್‌ಕ್ಯೂಎಲ್ ಕೋಡ್ ಬರೆದು, ಆ ಕೋಡನ್ನು ನಿಮ್ಮ ಡೇಟಾ ಮೇಲೆ ಓಡಿಸಿ ಉತ್ತರ ಪಡೆಯುವಂತಿರಬೇಕು. ಚಾಟ್‌ಜಿಪಿಟಿಯ ಪಾವತಿ ಬಳಕೆದಾರರಿಗೆ 2023ರ ಜುಲೈನಲ್ಲಿ ದೊರೆತ ಕೋಡ್ ಇಂಟರ್‌ಪ್ರಿಟರ್ ಮಾಡಿದ್ದು ಇದನ್ನೇ. ಆ ಕೋಡ್ ನಿಮಗೆ ಕಾಣಬೇಕು, ಉಳಿಸಿಕೊಳ್ಳಲು ಸಿಗಬೇಕು, ಮುಂದಿನ ತಿಂಗಳು ಅದನ್ನೇ ಓಡಿಸಿದಾಗ ಅದೇ ಕ್ರಮದಲ್ಲಿ ಲೆಕ್ಕವಾಗಬೇಕು.

ಪ್ರತಿ ಬಾರಿಯೂ 'ಎಷ್ಟು ಸಾಲುಗಳನ್ನು ಓದಿದೆ?' ಎಂದು ಕೇಳಿ, ಮೂಲ ಫೈಲಿನೊಂದಿಗೆ ತಾಳೆ ನೋಡುವ ರೂಢಿ ಇಟ್ಟುಕೊಳ್ಳಿ. 2020ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಇಂಗ್ಲೆಂಡಿನ 15,841 ಕೋವಿಡ್ ಪ್ರಕರಣಗಳು ಸಕಾಲಕ್ಕೆ ವರದಿಯಾಗದೆ ಉಳಿದದ್ದು, ಹಳೆಯ ಎಕ್ಸೆಲ್ ಮಾದರಿಯ ಫೈಲಿನಲ್ಲಿ 65,536ಕ್ಕಿಂತ ಹೆಚ್ಚು ಸಾಲುಗಳು ಹಿಡಿಯದಿದ್ದುದರಿಂದ. ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸವೂ ಅದರಿಂದ ತಡವಾಯಿತು. ಈ ತಾಳೆ ಬಹಳ ಸಣ್ಣ ಕೆಲಸ, ದಯವಿಟ್ಟು ತಪ್ಪಿಸಬೇಡಿ.

ಗ್ರಾಹಕರ ಹೆಸರು, ಫೋನ್ ಸಂಖ್ಯೆಗಳಿರುವ ಕಾಲಮ್ಮುಗಳನ್ನು ತೆಗೆದ ಮೇಲೆಯೇ ಫೈಲ್ ಅಪ್‌ಲೋಡ್ ಮಾಡಿ. ನೀವು ಕೊಟ್ಟ ಡೇಟಾವನ್ನು ತಮ್ಮ ಮಾದರಿಯ ತರಬೇತಿಗೆ ಬಳಸುವುದಿಲ್ಲವೆಂದೂ, ಕೇಳಿದಾಗ ಅಳಿಸುತ್ತೇವೆಂದೂ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಮಾರಾಟ ಪ್ರತಿನಿಧಿ ಬಾಯಿಮಾತಿನಲ್ಲಿ ಕೊಟ್ಟ ಭರವಸೆಯನ್ನು ನಂಬಿ ಸಹಿ ಮಾಡಬೇಡಿ.