ಗಾಜಿನ ಕಲೆ: ಕಲಿಸೋಕೆ ಹೋದರೆ ಸ್ವಂತ ಕೆಲಸ ನಿಂತು ಹೋಗುತ್ತಾ?

ಬಣ್ಣದಗಾಜು:
ಗಾಜು ಊದುವ ಕೆಲಸ ನನ್ನದು. ಬೇರೆಯವರ ಕುಲುಮೆಯನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿಯುತ್ತೇನೆ, ಮಾರಿ ಬಂದ ದುಡ್ಡೆಲ್ಲ ಅದಕ್ಕೇ ಹೋಗುತ್ತದೆ. ಈಗ ಕಲಿಸುವ ಕೆಲಸವೊಂದು ಬಂದಿದೆ. ಒಪ್ಪಿಕೊಂಡರೆ ಕುಲುಮೆ ಫ್ರೀ. ಆದರೆ ಮೇಷ್ಟ್ರಾದವರ ಸ್ವಂತ ಕೆಲಸ ಮೂಲೆಗೆ ಬೀಳುತ್ತೆ ಅಂತಾರೆ, ನಿಜಾನಾ?

ಊದುಕೊಳವೆ:
ಸುಮ್ನೆ ಒಪ್ಪಿಕೊಳ್ಳಿ. ಕುಲುಮೆ ಸುಮಾರು 1100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು, ನೀವು ಊದಿದರೂ ಅಷ್ಟೇ, ಮನೇಲಿ ಮಲಗಿದರೂ ಅಷ್ಟೇ. ಒಬ್ಬರೇ ಆ ಖರ್ಚು ಹೊರೋದು ಕಷ್ಟ. ಅಷ್ಟಕ್ಕೂ ಸ್ಟುಡಿಯೋ ಗ್ಲಾಸ್, ಅಂದರೆ ಕಾರ್ಖಾನೆ ಬಿಟ್ಟು ಕಲಾವಿದರೇ ತಮ್ಮ ಸ್ಟುಡಿಯೋದಲ್ಲಿ ಗಾಜು ಮಾಡೋದು, ಬೆಳೆದಿದ್ದೇ ಮೇಷ್ಟ್ರುಗಳಿಂದ ಅಲ್ವಾ? 1962ರಲ್ಲಿ ಅಮೆರಿಕದ ಟೊಲೆಡೊದಲ್ಲಿ ಗಾಜಿನ ಕಾರ್ಯಾಗಾರ ನಡೆಸಿದ ಹಾರ್ವೆ ಲಿಟಲ್‌ಟನ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸೆರಾಮಿಕ್ಸ್ ಕಲಿಸುತ್ತಿದ್ದವರು. ಅವರ ಶಿಷ್ಯ ಡೇಲ್ ಚಿಹುಲಿ 1971ರಲ್ಲಿ ಪಿಲ್‌ಚಕ್ ಗಾಜಿನ ಶಾಲೆ ಕಟ್ಟಿದವರಲ್ಲಿ ಒಬ್ಬರು. 1979ರಲ್ಲಿ ಭುಜಕ್ಕೆ ಪೆಟ್ಟಾಗಿ ಊದುವ ಕೊಳವೆ ಹಿಡಿಯೋದು ಬಿಟ್ಟರು, ಆದರೂ ತಂಡ ಇದ್ದಿದ್ದರಿಂದ ಕೆಲಸ ನಿಲ್ಲಲಿಲ್ಲ. ದೊಡ್ಡ ವಸ್ತು ಮಾಡೋಕೆ ಜೊತೆಗೆ ಇನ್ನೊಂದಿಷ್ಟು ಕೈ ಬೇಕೇ ಬೇಕು. ಅವು ಕ್ಲಾಸಿನಲ್ಲೇ ಸಿಗೋದು.

ಒಡಕುಲೋಟ:
ದುಡ್ಡಿನ ಲೆಕ್ಕ ಸರಿ. ಆದರೆ ಕ್ಲಾಸಿನ ಮುಂದೆ ಮಾಡಿ ತೋರಿಸೋದು ಯಾವಾಗಲೂ ಕೈಗೆ ಪಳಗಿದ ವಸ್ತುವನ್ನೇ, ಅಷ್ಟು ಜನರೆದುರು ಒಡೆದರೆ ಮುಜುಗರ ನೋಡಿ. ವರ್ಷಗಟ್ಟಲೆ ಅದನ್ನೇ ಮಾಡ್ತಾ ಹೋದರೆ ಗೊತ್ತಿಲ್ಲದ್ದಕ್ಕೆ ಕೈ ಹಾಕುವ ಧೈರ್ಯವೇ ಹೋಗುತ್ತೆ. ಇನ್ನೊಂದು, ಗಾಜು ಬಿರುಕು ಬಿಡದ ಹಾಗೆ ಆರಿಸುವ ಅನೀಲಿಂಗ್ ಓವನ್. ಊದಿದ್ದನ್ನು 480-500 ಡಿಗ್ರಿಯ ಆಸುಪಾಸಿನಿಂದ ನಿಧಾನವಾಗಿ ತಣಿಸಬೇಕು, ತುಂಬಾ ದಪ್ಪ ಗಾಜಾದರೆ ದಿನಗಟ್ಟಲೆ ಬೇಕು. ಕಲಿಯುವವರ ಸೊಟ್ಟ ಲೋಟಗಳೇ ಅದರಲ್ಲಿ ತುಂಬಿದ್ದರೆ ನಿಮ್ಮದನ್ನು ಎಲ್ಲಿಡ್ತೀರಿ?

ಬಣ್ಣದಗಾಜು:
ಓವನ್ ವಿಷಯ ಅವರನ್ನು ಕೇಳೇ ಇಲ್ಲ. ಅಲ್ಲಿರೋದು ಒಂದೇ ಅನ್ಸುತ್ತೆ.

ಊದುಕೊಳವೆ:
ಕ್ಲಾಸಲ್ಲಿ ಒಡೆದರೆ ಒಡೆಯಲಿ ಬಿಡಿ. ಕೊಳವೆಯಿಂದ ಪಂಟಿಗೆ (ತಳಕ್ಕೆ ಅಂಟಿಸಿ ಹಿಡಿಯುವ ಸರಳು) ದಾಟಿಸುವಾಗ ಪಂಟಿಯ ತುದಿ ಆರಿದ್ದರೆ ಸರಿಯಾಗಿ ಅಂಟಲ್ಲ, ಲೋಟ ಕಳಚಿ ಬೀಳುತ್ತೆ. ಜಾಸ್ತಿ ಬಿಸಿ ಇದ್ದರೆ ಆಮೇಲೆ ಬಿಡಿಸೋಕೇ ಬರಲ್ಲ, ತಳವೇ ಕಿತ್ತು ಬರುತ್ತೆ. ಬಾಯಲ್ಲಿ ಎಷ್ಟು ಹೇಳಿದರೂ ಅರ್ಥವಾಗದ್ದು ಕಣ್ಣೆದುರು ಬಿದ್ದಾಗ ಅರ್ಥವಾಗುತ್ತೆ. ಓವನ್ ಮಾತ್ರ ಒಡಕುಲೋಟ ಹೇಳಿದ್ದು ನೂರಕ್ಕೆ ನೂರು ಸರಿ. ಸೇರುವ ಮೊದಲೇ ವಾರದಲ್ಲಿ ಯಾವ ದಿನ ಕುಲುಮೆ, ಓವನ್ ಎರಡೂ ನಿಮಗೇ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ, ರಜೆ ದಿನಗಳನ್ನೂ ಸೇರಿಸಿ.