ಬಾಗಿಲಿಗೆ ಶೆರಿಫ್ ನೋಟಿಸ್ ಅಂಟಿದರೆ ಏನು ಮಾಡಬೇಕು? ವಕೀಲರನ್ನು ಕೇಳಿ

(ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಬೇ ಏರಿಯಾ ಕನ್ನಡಿಗರ ಗುಂಪಿನಲ್ಲಿ ಸಾಂತಾ ಕ್ಲಾರಾ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಶೆರಿಫ್ ಕಚೇರಿ ಬಗ್ಗೆ ಬಂದ ಪ್ರಶ್ನೆಗಳು. ಉತ್ತರಿಸಿದವರು ಸ್ಯಾನ್ ಹೋಸೆಯಲ್ಲಿ ಬಾಡಿಗೆ ಕೇಸು ನಡೆಸುವ ವಕೀಲೆ.)

ಪ್ರಶ್ನೆ (ಕುಪರ್ಟಿನೊ): ಮೇಡಂ, ನಾವು ಹೊಸದಾಗಿ ಬಂದವರು. ನಮ್ಮ ರಸ್ತೇಲಿ ಓಡಾಡೋ ಕಾರಿನ ಮೇಲೆ ‘ಶೆರಿಫ್’ ಅಂತಿದೆ. ಪಕ್ಕದ ಸನ್ನಿವೇಲ್‌ನಲ್ಲಿ ‘ಪಬ್ಲಿಕ್ ಸೇಫ್ಟಿ’, ಸ್ಯಾನ್ ಹೋಸೆಯಲ್ಲಿ ‘ಪೊಲೀಸ್’. ಇವರಲ್ಲಿ ಯಾರು ದೊಡ್ಡವರು?

ಉತ್ತರ: ಯಾರೂ ಯಾರಿಗೂ ಮೇಲಧಿಕಾರಿ ಅಲ್ಲ. ಪೊಲೀಸ್ ಇಲಾಖೆ ಆಯಾ ಊರಿನದು, ಅದರ ಚೀಫ್ ಸಾಮಾನ್ಯವಾಗಿ ನಗರಾಡಳಿತ ನೇಮಿಸಿದ ನೌಕರ. ಶೆರಿಫ್ ಇಡೀ ಕೌಂಟಿಯ ಮತದಾರರು ಆರಿಸಿದ ವ್ಯಕ್ತಿ. ಯಾವ ಊರಿನ ಮಿತಿಗೂ ಸೇರದ ಜಾಗಗಳ ಕಾವಲು ಹೇಗೂ ಅವರದೇ. ಕುಪರ್ಟಿನೊ, ಸಾರಟೋಗ, ಲಾಸ್ ಆಲ್ಟೋಸ್ ಹಿಲ್ಸ್ ಸ್ವಂತ ಪೊಲೀಸ್ ಇಟ್ಟುಕೊಳ್ಳದೆ, ಒಪ್ಪಂದ ಮಾಡಿಕೊಂಡು ದುಡ್ಡು ಕೊಟ್ಟು ಶೆರಿಫ್ ಕಚೇರಿಯಿಂದಲೇ ಗಸ್ತು ಹಾಕಿಸಿಕೊಳ್ಳುತ್ತವೆ. ಅದಕ್ಕೇ ನಿಮ್ಮ ರಸ್ತೆಯಲ್ಲಿ ಆ ಕಾರು. ಸನ್ನಿವೇಲ್‌ನದು ಇನ್ನೊಂದು ಬಗೆ: 1950ರಿಂದ ಅಲ್ಲಿ ಪೊಲೀಸರೂ ಅಗ್ನಿಶಾಮಕದವರೂ ಒಂದೇ ಇಲಾಖೆ. ತುರ್ತಿದ್ದಾಗ ಇದ್ಯಾವುದನ್ನೂ ಯೋಚಿಸಬೇಡಿ, 911 ಒತ್ತಿ. ಯಾರು ಬರಬೇಕೋ ಅವರೇ ಬರುತ್ತಾರೆ.

ಪ್ರಶ್ನೆ (ಸಾರಟೋಗ): ಬೆಂಗಳೂರಿಂದ ಅಪ್ಪ ಬಂದಿದ್ದಾರೆ. ‘ಹಾಗಾದ್ರೆ ನಮ್ಮ ಎಸ್‌ಪಿ ಥರಾನೇ ಅಲ್ವಾ, ಇವರನ್ನ ವರ್ಗ ಮಾಡೋರು ಯಾರು?’ ಅಂತ ಕೇಳ್ತಿದ್ದಾರೆ.

ಉತ್ತರ: ನಿಮ್ಮ ತಂದೆಯವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ವರ್ಗ ಮಾಡುವವರು ಯಾರೂ ಇಲ್ಲ. ನಮ್ಮೂರಲ್ಲಿ ಎಸ್‌ಪಿ, ಜೈಲಿನ ಸೂಪರಿಂಟೆಂಡೆಂಟ್, ಕೋರ್ಟಿನ ಅಮೀನ ಮೂವರೂ ಬೇರೆ ಬೇರೆ ಕಡೆಯವರು. ಇಲ್ಲಿ ಆ ಮೂರೂ ಕೆಲಸ ಒಂದೇ ಕಚೇರಿಯಲ್ಲಿವೆ. ಶೆರಿಫ್ ಕೆಳಗೆ ಅಂಡರ್‌ಶೆರಿಫ್, ಅಸಿಸ್ಟೆಂಟ್ ಶೆರಿಫ್, ಆಮೇಲೆ ಕ್ಯಾಪ್ಟನ್, ಲೆಫ್ಟಿನೆಂಟ್, ಸಾರ್ಜೆಂಟ್, ಡೆಪ್ಯುಟಿ. ನಮ್ಮ ಕಣ್ಣಿಗೆ ಬೀಳುವುದು ಗಸ್ತಿನ ಕಾರು ಮಾತ್ರ. ಆದರೆ ಸಿಬ್ಬಂದಿಯ ದೊಡ್ಡ ಪಾಲು ಇರುವುದು ಜೈಲಿನಲ್ಲಿ. ಸ್ಯಾನ್ ಹೋಸೆಯ ಮೇನ್ ಜೈಲ್, ಮಿಲ್ಪಿಟಸ್‌ನ ಎಲ್ಮ್‌ವುಡ್ ಎರಡೂ ಇವರ ಸುಪರ್ದಿಯಲ್ಲಿವೆ. ಕೋರ್ಟ್ ಹಾಲಿನಲ್ಲಿ ಕಾವಲು ನಿಲ್ಲುವವರೂ ಇವರ ಡೆಪ್ಯುಟಿಗಳೇ.

ಶೆರಿಫ್ ಚುನಾಯಿತರೇ ಆಗಿರಬೇಕು ಅಂತ ಕ್ಯಾಲಿಫೋರ್ನಿಯಾದ ಸಂವಿಧಾನವೇ ಹೇಳುತ್ತದೆ. ಐವರು ಸದಸ್ಯರ ಕೌಂಟಿ ಮಂಡಳಿ ಬಜೆಟ್ ಬಿಗಿ ಮಾಡಬಹುದು, ತನಿಖೆಗೆ ಅಡ್ಡ ಬರುವಂತಿಲ್ಲ. ತೆಗೆಯಬೇಕೆಂದರೆ ದಾರಿ ಬಲು ದೂರ. 1998ರಲ್ಲಿ ಗೆದ್ದು, ಈ ರಾಜ್ಯದಲ್ಲಿ ಚುನಾವಣೆಯಿಂದ ಶೆರಿಫ್ ಆದ ಮೊದಲ ಮಹಿಳೆ ಅನ್ನಿಸಿಕೊಂಡ ಲೋರಿ ಸ್ಮಿತ್ ನಮ್ಮ ಕೌಂಟಿಯವರೇ. ಬಂದೂಕು ಪರವಾನಗಿ ಕೊಡುವುದರಲ್ಲಿ ಪಕ್ಷಪಾತ ಮಾಡಿದರು ಅಂತ ಸಿವಿಲ್ ಗ್ರ್ಯಾಂಡ್ ಜ್ಯೂರಿ (ಸ್ಥಳೀಯ ಆಡಳಿತದ ಮೇಲೆ ಕಣ್ಣಿಡುವ ನಾಗರಿಕರ ತಂಡ) 2021ರ ಡಿಸೆಂಬರ್‌ನಲ್ಲಿ ಆರೋಪ ಹೊರಿಸಿತು. ತೀರ್ಪಿಗೆ ಕೆಲವೇ ದಿನ ಇದ್ದಾಗ, 2022ರ ಅಕ್ಟೋಬರ್ 31ರಂದು, ಅವರು ರಾಜೀನಾಮೆ ಕೊಟ್ಟರು. ಆಮೇಲೆ ವಿಚಾರಣೆಯ ಜ್ಯೂರಿ (ಕೋರ್ಟಿನಲ್ಲಿ ಕೂತು ತೀರ್ಪು ಕೊಡುವ ನಾಗರಿಕರ ತಂಡ) ಅವರನ್ನು ತಪ್ಪಿತಸ್ಥೆ ಅಂತಲೇ ಹೇಳಿತು. ಇಷ್ಟಾಗುವುದಕ್ಕೆ 24 ವರ್ಷ ಹಿಡಿಯಿತು.

ಪೌರತ್ವ ಪಡೆದವರಿಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನ ಮತಪತ್ರದ ಮೇಲ್ಭಾಗದ ದೊಡ್ಡ ಹುದ್ದೆಗಳಿಗೆ ಗುರುತು ಹಾಕಿ, ಶೆರಿಫ್ ಸಾಲನ್ನು ಖಾಲಿ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವಧಿ ಸಾಮಾನ್ಯವಾಗಿ 4 ವರ್ಷ. ಈ ಚುನಾವಣೆಯನ್ನು ಅಧ್ಯಕ್ಷೀಯ ಚುನಾವಣೆಯ ವರ್ಷಕ್ಕೆ ಹೊಂದಿಸಲು ಕಾನೂನು ಬದಲಾಯಿಸಿದ್ದರಿಂದ 2022ರಲ್ಲಿ ಗೆದ್ದವರಿಗೆ 6 ವರ್ಷ ಸಿಕ್ಕಿದೆ. ಮುಂದಿನ ಸರದಿ 2028.

ಪ್ರಶ್ನೆ (ಮಿಲ್ಪಿಟಸ್): ನಮ್ಮ ಇನ್ನೊಂದು ಮನೆಯ ಬಾಡಿಗೆದಾರ ದುಡ್ಡು ಕೊಡ್ತಿಲ್ಲ, ಫೋನೂ ಎತ್ತಲ್ಲ. ಅವನು ಆಫೀಸಿಗೆ ಹೋದಾಗ ಬೀಗ ಬದಲಾಯಿಸಿಬಿಡಲಾ?

ಉತ್ತರ: ಖಂಡಿತಾ ಬೇಡ. ನೀವೇ ಬೀಗ ಹಾಕಿದರೂ, ಕರೆಂಟು ನೀರು ನಿಲ್ಲಿಸಿದರೂ ಅದು ಕಾನೂನಿಗೆ ವಿರುದ್ಧ. ಅವನಿಗಾದ ನಷ್ಟದ ಜೊತೆಗೆ ದಿನಕ್ಕೆ 100 ಡಾಲರ್‌ವರೆಗೆ ದಂಡ ಬೀಳುತ್ತದೆ. ತಪ್ಪು ಅವನದಾಗಿದ್ದರೂ ಕೋರ್ಟಿನಲ್ಲಿ ತಲೆ ತಗ್ಗಿಸುವವರು ನೀವಾಗುತ್ತೀರಿ.

ಮೊದಲು ನೋಟಿಸ್ ಕೊಡಬೇಕು, ಆಮೇಲೆ ಕೇಸು. ಕೇಸಿನ ಕಾಗದ ಕೈಗೆ ಸಿಕ್ಕ ಮೇಲೆ ಉತ್ತರ ಕೊಡಲು ಬಾಡಿಗೆದಾರನಿಗೆ ಮೊದಲು 5 ದಿನ ಇತ್ತು. 2025ರ ಜನವರಿಯಿಂದ ಅದು 10 ದಿನ, ರಜೆ ಮತ್ತು ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ. ನೀವು ಗೆದ್ದರೆ ಮನೆಯ ಸ್ವಾಧೀನ ಕೊಡಿಸುವ ಆದೇಶಪತ್ರ ಕೋರ್ಟಿನಿಂದ ಸಿಗುತ್ತದೆ. ಅದನ್ನು ಶುಲ್ಕದ ಜೊತೆ ಶೆರಿಫ್ ಕಚೇರಿಯ ಸಿವಿಲ್ ವಿಭಾಗಕ್ಕೆ ಕೊಡಿ. ಡೆಪ್ಯುಟಿ ಬಂದು 5 ದಿನದ ನೋಟಿಸನ್ನು ಬಾಗಿಲಿಗೆ ಅಂಟಿಸುತ್ತಾರೆ. ಅವಧಿ ಮುಗಿದ ಮೇಲೆ ನಿಗದಿ ಮಾಡಿದ ದಿನ ಮತ್ತೆ ಬರುತ್ತಾರೆ, ನೀವು ಬೀಗದವನನ್ನು ಕರೆದುಕೊಂಡು ಅಲ್ಲಿ ನಿಂತಿರಬೇಕು. ಡೆಪ್ಯುಟಿ ಬಾಗಿಲು ಬಡಿದು, ಒಳಗೆ ಹೋಗಿ, ಒಂದೊಂದೇ ಕೋಣೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ಮನೆ ನಿಮಗೆ ಒಪ್ಪಿಸುತ್ತಾರೆ. ಬೀಗ ಬದಲಾಗುವುದು ಆಗ. ಅವನ ಸಾಮಾನು ಬೀದಿಗೆ ಎಸೆಯಬೇಡಿ, 15 ದಿನ ಜೋಪಾನವಾಗಿ ಇಡಬೇಕು.

ಈ ಕಾಗದವನ್ನು ತಮ್ಮ ಬಾಗಿಲ ಮೇಲೆ ಕಂಡವರೂ ಈ ಗುಂಪಿನಲ್ಲಿ ಇರಬಹುದು. ಕೆಲಸ ಹೋಗಿ ಬಾಡಿಗೆ ಕಟ್ಟಲಾಗದೆ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ನಾಚಿಕೆಗೆ ಕಾಗದ ಮಡಚಿ ಡ್ರಾಯರ್‌ಗೆ ಹಾಕಬೇಡಿ, ಡೆಪ್ಯುಟಿಯ ಹತ್ತಿರ ವಾದಕ್ಕೂ ಇಳಿಯಬೇಡಿ. ಯಾರದು ಸರಿ ಅಂತ ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ, ಆದೇಶ ಜಾರಿ ಮಾಡುವುದಷ್ಟೇ ಅವರ ಕೆಲಸ. ಕಾಲಾವಕಾಶ ಕೇಳುವುದಿದ್ದರೆ ಆ ಐದು ದಿನದೊಳಗೆ ಕೋರ್ಟಿಗೇ ಹೋಗಿ.

ಪ್ರಶ್ನೆ (ಹೆಸರು ಬೇಡ ಎಂದವರು): ಅಕ್ಕಾ, ಗಂಡನ ಕೆಲಸದ ವೀಸಾ ಆಧಾರದ ಮೇಲೆ ಸಿಗೋ ಎಚ್4 ವೀಸಾದಲ್ಲಿದ್ದೀನಿ. ಗಂಡನ ವಿರುದ್ಧ ಕೋರ್ಟಿನಿಂದ ರಕ್ಷಣಾ ಆದೇಶ ಸಿಕ್ಕರೆ ಅದನ್ನ ನಾನೇ ಅವರ ಕೈಗೆ ಕೊಡಬೇಕಾ? ವೀಸಾ ಕೇಳ್ತಾರಾ?

ಉತ್ತರ: ಬೇಡಮ್ಮ, ನೀವು ಕೊಡಲೇಬಾರದು. ಶೆರಿಫ್ ಕಚೇರಿಯವರು ದುಡ್ಡು ತೆಗೆದುಕೊಳ್ಳದೆ ತಲುಪಿಸುತ್ತಾರೆ. ಈ ಆದೇಶ ಪಡೆಯಲು ಯಾವ ವೀಸಾ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ವಲಸೆ ಕಾನೂನು ಜಾರಿಗಾಗಿ ಡೆಪ್ಯುಟಿಗಳು ನಿಮ್ಮ ವೀಸಾ ವಿಚಾರಿಸುವುದನ್ನು 2018ರಿಂದ ರಾಜ್ಯದ ಕಾನೂನೇ ತಡೆದಿದೆ. ಇವತ್ತೇ ನನಗೆ ಖಾಸಗಿಯಾಗಿ ಬರೆಯಿರಿ. ಈಗಲೇ ಅಪಾಯ ಇದ್ದರೆ 911ಗೆ ಫೋನ್ ಮಾಡಿ, ಕನ್ನಡ ದುಭಾಷಿ ಬೇಕು ಅಂತ ಕೇಳಿ.

ಪ್ರಶ್ನೆ (ಫ್ರೀಮಾಂಟ್): ನಿನ್ನೆ ‘ಶೆರಿಫ್ ಆಫೀಸ್’ ಅಂತ ಅಮ್ಮನಿಗೆ ಫೋನ್ ಬಂತು. ಜ್ಯೂರಿ ಡ್ಯೂಟಿ ತಪ್ಪಿಸಿದ್ದೀರಿ, ವಾರಂಟ್ ಇದೆ, ಗಿಫ್ಟ್ ಕಾರ್ಡ್‌ನಲ್ಲಿ ದಂಡ ಕಟ್ಟಿ ಅಂದ್ರು. ಅಮ್ಮನದು ಗ್ರೀನ್ ಕಾರ್ಡ್.

ಉತ್ತರ: ಅದು ಮೋಸದ ಕರೆ. ಜ್ಯೂರಿಯಲ್ಲಿ ಕೂರುವ ಅರ್ಹತೆ ಇರುವುದು ಪೌರರಿಗೆ ಮಾತ್ರ, ನಿಮ್ಮ ತಾಯಿಯವರಿಗೆ ಆ ಅರ್ಹತೆ ಇಲ್ಲ. ಯಾವ ಶೆರಿಫ್ ಕಚೇರಿಯೂ ಫೋನಿನಲ್ಲಿ ದಂಡ ವಸೂಲು ಮಾಡುವುದಿಲ್ಲ. ಪರದೆಯ ಮೇಲೆ ನಿಜವಾದ ನಂಬರೇ ಕಂಡರೂ ನಂಬಬೇಡಿ, ಅದನ್ನೂ ನಕಲು ಮಾಡುತ್ತಾರೆ. ಕಾರ್ಡಿನ ಸಂಖ್ಯೆ ಆಗಲೇ ಹೇಳಿಬಿಟ್ಟಿದ್ದರೆ ಕಾರ್ಡ್ ಕಂಪನಿಗೂ ಬ್ಯಾಂಕಿಗೂ ಈಗಲೇ ಫೋನ್ ಮಾಡಿ. ರಸೀದಿ, ಕಾರ್ಡ್ ಎರಡನ್ನೂ ಎಸೆಯದೆ ಇಟ್ಟುಕೊಂಡು ನಿಮ್ಮೂರಿನ ಪೊಲೀಸರಿಗೆ ದೂರು ಕೊಡಿ.